ಕಲ್ಲಿನ ಮಿಡುಕನ್ನು ಕಾಣುವ ಬಗೆ

(ಶ್ರೀಮಠದ ವಜ್ರಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ನಿನ್ನೆಯಿಂದ ಈ ಚಪ್ಪರದಲ್ಲಿ ಅನುಭಾವದ ಮಾತುಗಳನ್ನು ಕೇಳುತ್ತಿರುವ ನಿಮಗೆ ಕಲ್ಲು, ತೊಲೆ, ಕ್ಯಾಮೆರಾ ಎಂಬೀ ಮಾತುಗಳು ಒರಟಾಗಿ ತೋರಿದರೆ ಆಶ್ಚರ್ಯವಿಲ್ಲ. ಈ ವಿಷಯವು ನಾನಾಗಿ ಆರಿಸಿಕೊಂಡುದಲ್ಲ, ಶ್ರೀಗಳವರು ಅಪ್ಪಣೆಮಾಡಿದುದು. ಅದಕ್ಕೆ ಕಾರಣವನ್ನು ನೀವೆಲ್ಲರೂ ಬಲ್ಲಿರಿ. ಮಠದ ಹಳೆಯ ಕಲ್ಲುಮಂಟಪದ ಮೂರನೆಯ ತೊಲೆಗೆ ಏಳು ತಿಂಗಳಿಂದ ಸುಣ್ಣ ಬಳಿದು ಅದರ ಮೇಲೆ ಕರಿಯ ಚುಕ್ಕಿಗಳನ್ನು ಸಿಡಿಸಿರುವುದನ್ನು ಕಂಡು ಭಕ್ತರು ಹಲವು ಬಗೆಯಾಗಿ ಕೇಳತೊಡಗಿದರು. ದಾಸೋಹದಲ್ಲಿ ರೊಟ್ಟಿ ತಟ್ಟುವ ಒಬ್ಬ ಮುದುಕಮ್ಮನವರು, “ಏನಪ್ಪಾ, ತೊಲೆಗೆ ಅಮ್ಮ ಎದ್ದಿದ್ದಾಳೆಯೆ?” ಎಂದು ನನ್ನನ್ನೇ ಕೇಳಿದರು. ಆ ತಾಯಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದಿನ ಮಾತೆಲ್ಲವೂ ಅವರ ಪ್ರಶ್ನೆಗೆ ಉತ್ತರವೆಂದೇ ತಿಳಿಯಬೇಕು.

ಆ ತೊಲೆಯ ನಡುವಿನಲ್ಲಿ ಕೆಳಗಡೆಯಿಂದ ಮೇಲಕ್ಕೆ ಸುಮಾರು ಒಂದು ಗೇಣಿನಷ್ಟು ಬಿರುಕು ಬಿಟ್ಟಿದೆ. ಅದು ಎಂದು ಬಿಟ್ಟಿತೋ ಯಾರಿಗೂ ತಿಳಿಯದು. ಕಳೆದ ವರ್ಷ ಹೊಗೆಯ ಮಸಿಯನ್ನು ತೊಳೆಯುವಾಗ ಕಣ್ಣಿಗೆ ಬಿದ್ದಿತು. ಮಹೋತ್ಸವದೊಳಗಾಗಿ ಮಂಟಪವನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿಸಬೇಕೆಂದು ಕೆಲವರೂ, ಹಿರಿಯ ಗುರುಗಳು ಕುಳಿತೆದ್ದ ಮಂಟಪದ ಒಂದು ಕಲ್ಲನ್ನೂ ಅಲುಗಿಸಕೂಡದೆಂದು ಕೆಲವರೂ ಪಟ್ಟುಹಿಡಿದರು. ಎರಡು ಪಕ್ಷದವರಿಗೂ ಭಕ್ತಿಯಿದ್ದಿತು. ಆ ಬಿರುಕು ಬೆಳೆಯುತ್ತಿದೆಯೇ ನಿಂತಿದೆಯೇ ಎಂಬ ಸಂಗತಿ ಮಾತ್ರ ಇಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯುವ ಕೆಲಸ ನನ್ನ ಪಾಲಿಗೆ ಬಂದಿತು.

ಭಾರ ಹೊತ್ತ ಯಾವ ವಸ್ತುವೂ ಕಿಂಚಿತ್ತಾದರೂ ಮಣಿಯದೆ ಇರುವುದಿಲ್ಲ. ಉಯ್ಯಾಲೆಯ ಹಲಗೆ ಬಾಗುವುದನ್ನು ಮಕ್ಕಳೂ ಬಲ್ಲರು. ಕಲ್ಲು ಬಾಗುವುದೆಂದರೆ ದೊಡ್ಡವರೂ ನಂಬರು. ಆದರೂ ಕಲ್ಲು ಬಾಗುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಮೀಟರು ಉದ್ದದ ವಸ್ತುವು ಒಂದು ಮಿಲಿಮೀಟರಿನಷ್ಟು ಹಿಗ್ಗಿದರೆ ಸಾವಿರದಲ್ಲಿ ಒಂದು ಪಾಲು ಹಿಗ್ಗಿತೆಂದು ಹೇಳುವೆವು. ಈ ಪಾಲಿಗೆ ಇಂಗ್ಲಿಷಿನಲ್ಲಿ ಸ್ಟ್ರೇನ್ ಎಂದು ಹೆಸರು. ನಮ್ಮ ಪಠ್ಯಪುಸ್ತಕಗಳು ವಿಕೃತಿ ಎಂದು ಕರೆಯುತ್ತವೆ. ವಿಕೃತಿಯೆಂಬ ಮಾತು ಜನರ ಬಾಯಲ್ಲಿ ಬೇರೆ ಅರ್ಥ ಪಡೆದಿರುವುದರಿಂದ ನನಗೆ ಅದು ಅಷ್ಟಾಗಿ ಹಿಡಿಸದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಬೆಂಗಳೂರಿನಲ್ಲಿ ಹೊರಡಿಸಿದಾಗ ಇಂಥ ಒಂದೊಂದು ಮಾತಿಗೂ ಎಷ್ಟು ತಡಕಾಡಿರಬೇಕೆಂದು ನೆನೆಯುತ್ತೇನೆ. ಇಂದಿನ ಮಟ್ಟಿಗೆ ‘ಹಿಗ್ಗಿನ ಪಾಲು’ ಎಂದರೆ ಸಾಕು.

ಕಲ್ಲಿಗೆ ಒಂದು ಸ್ವಭಾವವುಂಟು. ಒತ್ತಿದರೆ ತಡೆಯುವುದು, ಎಳೆದರೆ ಬೇಗ ಸೋಲುವುದು. ನಮ್ಮ ಕಡೆಯ ಬೆಣಚುಕಲ್ಲನ್ನು ಎಳೆದರೆ, ಹತ್ತು ಸಾವಿರದಲ್ಲಿ ಸುಮಾರು ಎರಡು ಪಾಲು ಹಿಗ್ಗುವುದರೊಳಗೆ ಅದು ಬಿರಿಯುವುದು. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಮೈ ಒತ್ತಿಕೊಳ್ಳುವುದು, ಕೆಳಮೈ ಎಳೆದುಕೊಳ್ಳುವುದು. ಆದುದರಿಂದಲೇ ಬಿರುಕು ಕೆಳಗಿನಿಂದ ಹುಟ್ಟುತ್ತದೆ. ನಮ್ಮ ಪೂರ್ವಿಕರ ಕಲ್ಲುಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದು ಶೃಂಗಾರಕ್ಕೆಂದು ಭಾವಿಸುವವರುಂಟು. ಆದರೆ ಉದ್ದವಾದ ಕಲ್ಲುತೊಲೆಯನ್ನು ನಂಬಕೂಡದೆಂದು ಶಿಲ್ಪಿಗಳು ಅನುಭವದಿಂದ ಅರಿತಿದ್ದರು. ನಮ್ಮ ತೊಲೆ ಮೂರು ಮೀಟರಿನದು. ಅದು ಆದ್ಯಂತವಾಗಿ ಬಿರಿಯುವಷ್ಟು ಹಿಗ್ಗಿದರೂ ಒಟ್ಟು ಹಿಗ್ಗು ಅರ್ಧ ಮಿಲಿಮೀಟರನ್ನು ತುಸು ಮೀರೀತು, ಅಷ್ಟೆ. ಹೀಗಿರುವಲ್ಲಿ ಬರಿಗಣ್ಣಿನಿಂದ ನೋಡಿ ಅಪಾಯವಿದೆ, ಅಪಾಯವಿಲ್ಲ ಎಂದು ಹೇಳುವುದು ಹೇಗೆ?

ಹಳೆಯ ಉಪಾಯಗಳು ಇಲ್ಲದಿಲ್ಲ. ಕಲ್ಲುಕುಟಿಗರು ಸುತ್ತಿಗೆಯಿಂದ ತಟ್ಟಿ ನಾದವನ್ನು ಕೇಳುತ್ತಾರೆ. ಬಿರುಕುಬಿಟ್ಟ ಕಲ್ಲು ಒಡಕು ಗಡಿಗೆಯಂತೆ ಸದ್ದುಮಾಡುವುದು. ಇಂಜಿನಿಯರುಗಳು ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ ಕಾಯುತ್ತಿದ್ದರು. ಗಾಜು ಒಡೆದರೆ ಬಿರುಕು ಅಲುಗಿತೆಂದು ಅರ್ಥ. ಅಲುಗಿತೆಂಬುದನ್ನು ಗಾಜು ತಿಳಿಸೀತೇ ಹೊರತು ಎಷ್ಟು, ಯಾವ ಕಡೆಗೆ ಎಂಬುದನ್ನು ತಿಳಿಸದು. 1938ರ ಸುಮಾರಿನಲ್ಲಿ ಅಮೆರಿಕದಲ್ಲಿ ಸಿಮನ್ಸ್ ಮತ್ತು ರೂಜ್ ಎಂಬಿಬ್ಬರು ಬೇರೆ ಬೇರೆಯಾಗಿ ಒಂದು ಉಪಾಯವನ್ನು ಕಂಡುಹಿಡಿದರು. ಕೂದಲಿನಂಥ ತಂತಿಯನ್ನು ವಸ್ತುವಿಗೆ ಅಂಟಿಸಿದರೆ, ವಸ್ತು ಹಿಗ್ಗಿದಂತೆ ತಂತಿಯೂ ಹಿಗ್ಗಿ ಅದರ ವಿದ್ಯುತ್ತಿನ ತಡೆ ಹೆಚ್ಚುವುದು. ಅದನ್ನು ಅಳೆದು ಹಿಗ್ಗನ್ನು ತಿಳಿಯಬಹುದು. ಇಂದಿಗೂ ಇದಕ್ಕಿಂತ ನಂಬುಗೆಯ ಸಾಧನವಿಲ್ಲವೆಂದೇ ನನ್ನ ಮತ. ಆದರೆ ಅದು ಅಂಟಿಸಿದ ಒಂದು ಅಂಗುಲದ ಸುದ್ದಿಯನ್ನು ಮಾತ್ರ ಹೇಳುವುದು. ಊರಿನ ಕ್ಷೇಮವನ್ನು ಒಂದೇ ಮನೆಯ ಬಾಗಿಲಲ್ಲಿ ನಿಂತು ಕೇಳಿದಂತೆ ಅದರ ರೀತಿ.

ಮೈಯೆಲ್ಲವನ್ನೂ ಒಮ್ಮೆಗೆ ನೋಡಬೇಕಾದರೆ ಬೆಳಕೇ ಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಎಂಬಾತನು, ಒತ್ತಿದ ಗಾಜಿನ ಮೂಲಕ ಧ್ರುವೀಕೃತವಾದ ಬೆಳಕನ್ನು ಹಾಯಿಸಿದರೆ ಬಣ್ಣಗಳು ಏಳುವುದನ್ನು ಕಂಡನು. ಈ ಮಾರ್ಗವನ್ನು ಹಿಡಿದು ಮುಂದಿನವರು ಸೇತುವೆಯ, ಯಂತ್ರದ ಪಾರದರ್ಶಕ ಮಾದರಿಗಳನ್ನು ಮಾಡಿ, ಬಣ್ಣದ ಪಟ್ಟೆಗಳನ್ನು ಎಣಿಸಿ ಒತ್ತಡಗಳನ್ನು ತಿಳಿದರು. ನೋಡಲು ಬಹು ಸೊಗಸು. ಆದರೆ ಕಲ್ಲಿನೊಳಗೆ ಬೆಳಕು ಹಾಯುವುದಿಲ್ಲವಲ್ಲ.

ಇಲ್ಲಿ ನಮ್ಮ ಬೆಂಗಳೂರಿನ ಒಂದು ಸಂಗತಿಯನ್ನು ಹೇಳಲೇಬೇಕು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸರ್ ಸಿ. ವಿ. ರಾಮನ್ನರು ಬಂದರಷ್ಟೆ. ಅಲ್ಲಿಗೆ ವಿದ್ಯುತ್ ಇಂಜಿನಿಯರಿಂಗನ್ನು ಓದಲೆಂದು ಬಂದು, ರಾಮನ್ನರ ಕಣ್ಣಿಗೆ ಬಿದ್ದು ಭೌತಶಾಸ್ತ್ರಕ್ಕೆ ತಿರುಗಿದ ತರುಣರೊಬ್ಬರು ಜಿ. ಎನ್. ರಾಮಚಂದ್ರನ್. ಸಣ್ಣ ಪುಡಿ ಹರಡಿದ ಗಾಜಿನ ಮೂಲಕ ದೂರದ ದೀಪವನ್ನು ನೋಡಿದರೆ ಅದರ ಸುತ್ತ ಒಂದು ಪರಿವೇಷವು, ಚಂದ್ರನ ಸುತ್ತ ಕಟ್ಟುವ ಕೆರೆಯಂತೆ, ಕಾಣುವುದು. ಆ ಪರಿವೇಷವು ನುಣುಪಾಗಿರದೆ ಕಾಳುಕಾಳಾಗಿ ಚುಕ್ಕಿಚುಕ್ಕಿಯಾಗಿರುವುದೇಕೆಂದು ವಿಚಾರಿಸಿ ಅವರು 1943ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಆಗ ಅವರಿಗೆ ಇಪ್ಪತ್ತರ ಹರೆಯ. ಅಸಂಖ್ಯಾತ ಕಣಗಳಿಂದ ಚೆದುರಿದ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿದ ಕಡೆ ಬೆಳಗೂ, ಕಳೆದ ಕಡೆ ಕತ್ತಲೆಯೂ ಆಗುವುದೇ ಈ ಚುಕ್ಕಿಗಳ ಮರ್ಮ. 1960ರಲ್ಲಿ ಲೇಸರ್ ಬೆಳಕು ಹುಟ್ಟಿದ ಮೇಲೆ ಇದೇ ಚುಕ್ಕಿಗಳು ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಕಾಣಿಸಿಕೊಂಡು ವಿಜ್ಞಾನಿಗಳಿಗೆ ಮೊದಲು ತೊಡಕಾದುವು. ಕೆಲವು ವರ್ಷಗಳಲ್ಲಿಯೇ ಆ ತೊಡಕೇ ಸಾಧನವಾಯಿತು. ಲೇಸರ್ ಬೆಳಕು ಬಿದ್ದ ಮೈ ಅಲುಗಿದರೆ ಚುಕ್ಕಿಗಳೂ ಅಲುಗುವುವು. ಅವುಗಳ ಚಲನೆಯಿಂದ ಮೈಯ ಚಲನೆಯನ್ನು ತಿಳಿಯಬಹುದು. ರಾಮಚಂದ್ರನ್ನರು ಮುಂದೆ ಕೊಲ್ಯಾಜನ್ ಎಂಬ ಪ್ರೋಟೀನಿನ ಮೂರೆಳೆಯ ಹುರಿಯನ್ನು ಕಂಡು ಲೋಕಪ್ರಸಿದ್ಧರಾದುದರಿಂದ ಅವರ ಈ ಹಳೆಯ ಪ್ರಬಂಧವನ್ನು ನೆನೆಯುವವರು ಕಡಮೆ.

ಲೇಸರಿನ ಚುಕ್ಕಿ ಬೆಳಕಿನದು. ನಮ್ಮ ತೊಲೆಯ ಮೇಲಿನ ಚುಕ್ಕಿಯಾದರೋ ಸುಣ್ಣ ಮತ್ತು ದೀಪದ ಮಸಿ. ಎರಡಕ್ಕೂ ನಂಟುಂಟು, ಆದರೆ ಎರಡೂ ಒಂದಲ್ಲ. ಲೇಸರಿನ ಮಾರ್ಗವು ಬಹು ನಾಜೂಕು. ಹತ್ತಿರದಲ್ಲಿ ಲಾರಿ ಹೋದರೂ ಕೆಡುವುದು. ಕಾಡುಗೋಡಿಯಲ್ಲಿ ಲಾರಿ ಹೋಗದ ಗಳಿಗೆ ಯಾವುದು? ಅದಕ್ಕಿಂತ ಒರಟಾದ, ಮಠದ ಅಂಗಳದಲ್ಲಿಯೂ ನಡೆಯುವ ಉಪಾಯವು 1980ರ ದಶಕದ ಆರಂಭದಲ್ಲಿ ಅಮೆರಿಕದ ದಕ್ಷಿಣ ಕೆರೊಲೈನಾ ವಿಶ್ವವಿದ್ಯಾನಿಲಯದಲ್ಲಿ ಹೊರಬಂದಿತು. ಪೀಟರ್ಸ್ ಮತ್ತು ರ‍್ಯಾನ್ಸನ್ ಎಂಬವರು 1982ರಲ್ಲಿ ಅದನ್ನು ಪ್ರಕಟಿಸಿದರು. ಸಟನ್ ಎಂಬವರೂ ಅವರ ಸಂಗಡಿಗರೂ ಬೆಳೆಸಿದರು. ಡಿಜಿಟಲ್ ಇಮೇಜ್ ಕೊರಿಲೇಷನ್ ಎಂದು ಅದರ ಹೆಸರು. ಹೆಸರು ದೊಡ್ಡದಾದರೂ ಕೆಲಸ ಸರಳ: ಭಾರ ಬೀಳುವುದಕ್ಕೆ ಮೊದಲೊಂದು ಪಟ, ಭಾರ ಬಿದ್ದ ಮೇಲೊಂದು ಪಟ, ಎರಡನ್ನೂ ಹೋಲಿಸಿ ಯಾವ ಚುಕ್ಕಿ ಎಲ್ಲಿಗೆ ಸರಿಯಿತೆಂದು ಹುಡುಕುವುದು.

ಹುಡುಕುವುದು ಹೇಗೆಂಬುದನ್ನು ತುಸು ನಿಧಾನವಾಗಿ ಹೇಳುವೆನು. ಜಾತ್ರೆಯ ಗುಂಪಿನಲ್ಲಿ ಬಿಳಿಯ ಪಂಚೆಯುಟ್ಟ ಒಬ್ಬನನ್ನು ಗುರುತಿಸಿರೆಂದರೆ ನೀವು ಗುರುತಿಸಲಾರಿರಿ. ಅಂಥವರು ಸಾವಿರ ಜನ. ಆದರೆ ಅವನ ಎಡಕ್ಕೆ ಕೆಂಪು ರುಮಾಲಿನವನು, ಬಲಕ್ಕೆ ಕೂಸನ್ನೆತ್ತಿದ ಹೆಂಗಸು, ಹಿಂದೆ ಬುಗ್ಗೆ ಮಾರುವ ಹುಡುಗ ಎಂದರೆ ಗುಂಪು ನಾಲ್ಕು ಹೆಜ್ಜೆ ಸರಿದಿದ್ದರೂ ಹುಡುಕಬಲ್ಲಿರಿ. ಹಾಗೆಯೇ ಗಣಕಯಂತ್ರವು ಒಂದು ಚುಕ್ಕಿಯನ್ನು ಹುಡುಕದೆ, ಚುಕ್ಕಿಗಳ ಒಂದು ಚಿಕ್ಕ ನೆರೆಹೊರೆಯನ್ನು ಹುಡುಕುವುದು. ಕ್ಯಾಮೆರಾದ ಪಟವು ಚದುರಂಗದ ಹಾಸಿನಂತೆ ಮನೆಮನೆಯಾಗಿರುವುದು. ಈ ಮನೆಗೆ ಪಿಕ್ಸೆಲ್ ಎಂದು ಹೆಸರು. ಅಡ್ಡ ಮೂವತ್ತು ಉದ್ದ ಮೂವತ್ತು ಮನೆಗಳ ಒಂದು ತುಂಡನ್ನು ಮೊದಲ ಪಟದಿಂದ ತೆಗೆದು, ಎರಡನೆಯ ಪಟದ ಮೇಲೆ ಸರಿಸುತ್ತ ಸರಿಸುತ್ತ ಎಲ್ಲಿ ಕಪ್ಪು ಬಿಳುಪು ಅತ್ಯಂತ ಹೊಂದುವುದೋ ಅಲ್ಲಿ ನಿಲ್ಲುವುದು. ಇಂಥ ಸಾವಿರಾರು ತುಂಡುಗಳಿಗೆ ಇದೇ ಕೆಲಸ.

ನಮ್ಮ ತಾಯಂದಿರು ರಂಗವಲ್ಲಿಗೆ ಇಡುವಂತೆ ಸಾಲುಸಾಲಾಗಿ ಚುಕ್ಕಿಯಿಟ್ಟರೆ ಚೆಲುವಾಗುತ್ತಿತ್ತಲ್ಲವೆ ಎಂದು ಕೇಳುವಿರಿ. ಚೆಲುವಾಗುತ್ತಿತ್ತು, ಆದರೆ ಕೆಲಸ ಕೆಡುತ್ತಿತ್ತು. ರಂಗವಲ್ಲಿಯ ಚುಕ್ಕಿಗಳಲ್ಲಿ ಒಂದರ ನೆರೆಹೊರೆ ಇನ್ನೊಂದರ ನೆರೆಹೊರೆಯಂತೆಯೇ ಇರುವುದರಿಂದ ಗಣಕವು ಒಂದು ಸಾಲನ್ನು ಇನ್ನೊಂದೆಂದು ಭ್ರಮಿಸುವುದು. ಆದುದರಿಂದ ಅಕ್ಷತೆಯನ್ನು ಎರಚಿದಂತೆ ಕ್ರಮವಿಲ್ಲದೆ ಬೀಳಬೇಕು. ಪೊರಕೆಯ ಕಡ್ಡಿಗಳನ್ನು ಕಟ್ಟಿ, ಮಸಿನೀರಿನಲ್ಲಿ ಅದ್ದಿ ಒದರಿದೆವು. ಚೆನ್ನಾಗಿ ಹೊಳಪಿಳಿದ ಬೆಣಚುಕಲ್ಲಿಗೆ ತನ್ನ ಮೈಯ ಕಾಳುಗಳೇ ಸಾಕಾಗುವುದುಂಟು. ನಮ್ಮ ತೊಲೆ ಶತಮಾನದ ದೀಪದ ಹೊಗೆಯನ್ನು ಕುಡಿದು ಒಂದೇ ಕಪ್ಪಾಗಿದ್ದುದರಿಂದ ಸುಣ್ಣ ಬೇಕಾಯಿತು. ಸುಣ್ಣವು ಕಲ್ಲನ್ನು ಕಚ್ಚಿಕೊಂಡಿರಬೇಕು; ಹಪ್ಪಳಿಕೆಯಾಗಿ ಎದ್ದರೆ ನಾವು ಕಲ್ಲಿನ ಬದಲು ಸುಣ್ಣದ ಚಲನೆಯನ್ನು ಅಳೆದಂತಾಗುವುದು.

ಒಂದು ಮನೆಗಿಂತ ಕಡಮೆಯ ಚಲನೆಯನ್ನು ಹೇಗೆ ತಿಳಿಯುವುದು? ಚುಕ್ಕಿಯ ಅಂಚು ಮನೆಯೊಂದನ್ನು ಅರ್ಧ ಮುಚ್ಚಿದರೆ ಆ ಮನೆ ಬೂದಿಬಣ್ಣವಾಗುವುದು; ಮುಕ್ಕಾಲು ಮುಚ್ಚಿದರೆ ಇನ್ನೂ ಕಪ್ಪಾಗುವುದು. ಈ ಬಣ್ಣದ ಏರಿಳಿತದಿಂದ ಒಂದು ಮನೆಯ ಐವತ್ತನೆಯ ಒಂದು ಭಾಗದಷ್ಟು ಚಲನೆಯನ್ನೂ ಲೆಕ್ಕಹಾಕಬಹುದು. ನಮ್ಮ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000 ಮನೆಗಳು. ಮೂರು ಮೀಟರಿನ ತೊಲೆಯು ಪಟದ ತುಂಬ ಬಂದರೆ ಒಂದು ಮನೆಗೆ ಅರ್ಧ ಮಿಲಿಮೀಟರು. ಅದರ ಐವತ್ತನೆಯ ಭಾಗವೆಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗ. ಮದುವೆಮನೆಯ ಪಟ ತೆಗೆಯುವ ಕ್ಯಾಮೆರಾ ಇಷ್ಟನ್ನು ಮಾಡಬಲ್ಲುದೆಂಬುದು ನನಗೆ ಇಂದಿಗೂ ವಿಸ್ಮಯ.

ಆದರೆ ಇಲ್ಲಿಯೇ ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಒಂದು ಗೇಣಿಗೂ ಕಡಮೆಯಾದ, ನೂರು ಮಿಲಿಮೀಟರು ಅಂತರದ ಎರಡು ಕಡೆಗಳ ನಡುವಣ ಹಿಗ್ಗಿನ ಪಾಲನ್ನು ಕೇಳಿದರೆ, ನೂರನೆಯ ಒಂದು ಭಾಗದ ತಪ್ಪೇ ಹತ್ತು ಸಾವಿರಕ್ಕೆ ಒಂದು ಪಾಲಾಗುವುದು. ಕಲ್ಲು ಬಿರಿಯುವ ಹಿಗ್ಗೇ ಹತ್ತು ಸಾವಿರಕ್ಕೆ ಎರಡು ಪಾಲಾಗಿರುವಾಗ ಇಂಥ ಅಳತೆಯನ್ನು ನಂಬುವುದೆಂತು? ಆದುದರಿಂದ ನಮ್ಮ ತೊಲೆಯಲ್ಲಿ ಹಿಗ್ಗಿನ ಪಾಲನ್ನು ಅಳೆಯುವ ಆಸೆಯನ್ನು ಬಿಟ್ಟೆನು. ಬಿರುಕಿನ ಬಾಯಿ ಎಷ್ಟು ತೆರೆಯಿತು, ತೊಲೆಯ ನಡು ಎಷ್ಟು ಇಳಿಯಿತು, ಈ ಎರಡನ್ನು ಮಾತ್ರ ಅಳೆಯುವುದೆಂದು ನಿಶ್ಚಯಿಸಿದೆನು. ರಬ್ಬರು, ಚರ್ಮ, ಕಾದ ಲೋಹ ಮುಂತಾದ ಬಹಳ ಹಿಗ್ಗುವ ವಸ್ತುಗಳಲ್ಲಿ ಈ ಮಾರ್ಗವು ರಾಜನಂತೆ ನಡೆಯುವುದು. ಕಲ್ಲಿನ ಮುಂದೆ ಬಡವನಂತೆ ಕೈಕಟ್ಟಿ ನಿಲ್ಲಬೇಕಾಗುವುದು.

ಈಗ ನನ್ನ ತಪ್ಪನ್ನು ಹೇಳುವೆನು. ಮೊದಲ ವಾರದ ಪಟವನ್ನೂ ಮೂರನೆಯ ವಾರದ ಪಟವನ್ನೂ ಹೋಲಿಸಿದಾಗ ತೊಲೆಯು ಒಟ್ಟು 0.3 ಮಿಲಿಮೀಟರು ಉದ್ದವಾದಂತೆ ಕಂಡಿತು. ಗಣಕವು ಈ ಹಿಗ್ಗನ್ನು ಕೆಂಪು ಬಣ್ಣದಲ್ಲಿ ತೋರಿಸಿತು. ಕೆಂಪನ್ನು ಕಂಡರೆ ಮನುಷ್ಯನಿಗೆ ಭಯ; ಯಾವ ಅಳತೆಗೆ ಕೆಂಪು ಬಳಿಯಬೇಕೆಂದು ಗಣಕಕ್ಕೆ ಹೇಳಿದವನು ನಾನೇ ಎಂಬುದನ್ನು ನಾನು ಮರೆತೆನು. ಆ ಸಂಜೆಯೇ ಶ್ರೀಗಳವರಲ್ಲಿ ನಿವೇದಿಸಿದೆನು. ಮರುದಿನ ಸಮಿತಿ ಕೂಡಿತು. ಮಂಟಪವನ್ನು ಕೆಡವುವುದೆಂದು ತೀರ್ಮಾನವೂ ಆಯಿತು. ಕಲ್ಲುಗಳನ್ನು ಇಳಿಸುವುದಕ್ಕಾಗಿ ಕರೆಸಿದ ಹಿರಿಯ ಕಲ್ಲುಕೆಲಸದವರೊಬ್ಬರು ನನ್ನ ಕೈಯಲ್ಲಿದ್ದ ಬಣ್ಣದ ಪಟವನ್ನು ಇಸಕೊಂಡು ಬಹಳ ಹೊತ್ತು ನೋಡಿದರು. “ಸ್ವಾಮಿ, ಭಾರಕ್ಕೆ ತೊಲೆ ಉದ್ದವಾಯಿತು ಅಂತೀರಿ, ಆಗಲಿ. ಕಂಬವೂ ಕೆಂಪಗೇ ಇದೆಯಲ್ಲ, ಅದು ಯಾಕೆ ದಪ್ಪ ಆಯಿತು?” ಎಂದರು.

ನನಗೆ ಉತ್ತರವಿರಲಿಲ್ಲ. ಪಟದಲ್ಲಿ ತೊಲೆಯ ಜತೆಗೆ ಕಂಬದ ಒಂದು ಭಾಗವೂ, ಗೋಡೆಗೆ ಒರಗಿಸಿದ್ದ ಯಾವ ಭಾರವನ್ನೂ ಹೊರದ ಒಂದು ಚಪ್ಪಡಿಯೂ ಬಂದಿದ್ದುವು. ಅಳೆದು ನೋಡಿದರೆ ಮೂರೂ ಒಂದೇ ಪ್ರಮಾಣದಲ್ಲಿ, ಹತ್ತು ಸಾವಿರಕ್ಕೆ ಒಂದು ಪಾಲಿನಂತೆ ‘ಬೆಳೆದಿದ್ದುವು’. ಕಲ್ಲು ಬೆಳೆದಿರಲಿಲ್ಲ; ಕ್ಯಾಮೆರಾ ಹತ್ತಿರ ಬಂದಿತ್ತು. ಕ್ಯಾಮೆರಾದ ಮುಕ್ಕಾಲಿಯ ಒಂದು ಕಾಲು ಮಣ್ಣಿನ ಮೇಲೆ ಹಾಸಿದ ಕಡಪದ ಕಲ್ಲಿನ ಮೇಲಿದ್ದು, ಭಕ್ತರ ಓಡಾಟಕ್ಕೆ ಆ ಕಲ್ಲು ತುಸು ಕುಸಿದು ಕ್ಯಾಮೆರಾ ಮುಂದಕ್ಕೆ ವಾಲಿತ್ತು. ನಾಲ್ಕು ಮೀಟರು ದೂರದಲ್ಲಿ 0.4 ಮಿಲಿಮೀಟರು ಮುಂದೆ ಬಂದರೆ ಸಾಕು, ಎಲ್ಲವೂ ಹತ್ತು ಸಾವಿರಕ್ಕೆ ಒಂದು ಪಾಲು ದೊಡ್ಡದಾಗಿ ಕಾಣುವುದು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಎವೆಯಿಕ್ಕದೆ ನೋಡುವ ಅಭ್ಯಾಸವುಳ್ಳ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಕೈ ಬೇಸತ್ತು ಕಣ್ಣಿನ ಕಡೆಗೆ ಬಂದರೆ ಲಿಂಗವು ಹಿರಿದಾಗಿ ತೋರುವುದು. ಲಿಂಗವು ಬೆಳೆಯಿತೆಂದು ಯಾರೂ ಹೇಳುವುದಿಲ್ಲ, ಕೈಯನ್ನು ಸರಿಪಡಿಸಿಕೊಳ್ಳುವಿರಿ. ಪ್ರತಿದಿನವೂ ಪೂಜೆಯಲ್ಲಿ ಕಾಣುವುದನ್ನು ನಾನು ಯಂತ್ರದ ಮುಂದೆ ಕಾಣದೆ ಹೋದೆನು. ಸಮಿತಿಯವರೆದುರಿಗೆ ಕೈಮುಗಿದು ತಪ್ಪೊಪ್ಪಿಕೊಂಡೆನು, ತೀರ್ಮಾನವನ್ನು ತಡೆಹಿಡಿದರು.

ಈ ದೋಷವನ್ನು ಕಳೆಯಲು ದೊಡ್ಡ ಪ್ರಯೋಗಶಾಲೆಗಳಲ್ಲಿ ಎರಡು ಕ್ಯಾಮೆರಾಗಳನ್ನು ಇಡುವರು. ನಮ್ಮ ಎರಡು ಕಣ್ಣುಗಳಂತೆ ಅವು ವಸ್ತುವಿನ ದೂರವನ್ನೂ ತಿಳಿಯುವುವು. 1990ರ ದಶಕದಿಂದ ಇದು ಬಳಕೆಯಲ್ಲಿದೆ. ನಮಗೆ ಅಷ್ಟು ಅನುಕೂಲವಿಲ್ಲದ್ದರಿಂದ, ಭಾರಹೊರದ ಆ ಚಪ್ಪಡಿಯನ್ನೇ ಸಾಕ್ಷಿಯಾಗಿಟ್ಟುಕೊಂಡೆವು. ಪ್ರತಿ ಪಟದಲ್ಲಿಯೂ ಚಪ್ಪಡಿ ಎಷ್ಟು ‘ಬೆಳೆಯಿತೋ’ ಅಷ್ಟನ್ನು ತೊಲೆಯ ಲೆಕ್ಕದಿಂದ ಕಳೆಯುವುದು. ಮುಕ್ಕಾಲಿಯನ್ನು ಕಡಪದ ಕಲ್ಲಿನಿಂದ ತೆಗೆದು ಗಟ್ಟಿನೆಲದಲ್ಲಿ ಕುಳಿ ಕೊರೆದು ನಿಲ್ಲಿಸಿದೆವು. ಕ್ಯಾಮೆರಾವನ್ನು ಹಚ್ಚಿ ಅದರ ಮೈ ಬೆಚ್ಚಗಾಗಿ ನಿಲ್ಲುವವರೆಗೆ ಕಾಯುವುದು, ಅಂಗಳದ ಹಾಸುಗಲ್ಲು ಕಾದು ಗಾಳಿ ನಡುಗುವುದಕ್ಕೆ ಮುಂಚೆ ಬೆಳಗಿನ ಜಾವದಲ್ಲಿ ಪಟ ತೆಗೆಯುವುದು, ಇವನ್ನೂ ಒಂದೊಂದಾಗಿ ಕಲಿತೆವು.

ಬಿಸಿಲಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಬೆಣಚುಕಲ್ಲು ಒಂದು ಡಿಗ್ರಿ ಕಾದರೆ ಹತ್ತು ಲಕ್ಷಕ್ಕೆ ಸುಮಾರು ಎಂಟು ಪಾಲು ಹಿಗ್ಗುವುದು. ಹತ್ತು ಡಿಗ್ರಿಗೆ ನಮ್ಮ ತೊಲೆಯ ಹಿಗ್ಗು ಮಿಲಿಮೀಟರಿನ ಕಾಲುಭಾಗ! ಬಿರುಕು ಹಗಲಿನಲ್ಲಿ ಒಂದು ರೀತಿ, ಇರುಳಿನಲ್ಲಿ ಒಂದು ರೀತಿ. ಮಲಗಿದವರ ಎದೆಯಂತೆ ಏರಿಳಿಯುವುದು. ಒಂದು ದಿನ ಬೆಳಿಗ್ಗೆಯೂ ಇನ್ನೊಂದು ದಿನ ಮಧ್ಯಾಹ್ನವೂ ನೋಡಿದವನು ಬಿರುಕು ಬೆಳೆಯಿತೆಂದೋ ಮುಚ್ಚಿತೆಂದೋ ಆಣೆಯಿಟ್ಟು ಹೇಳಬಲ್ಲನು, ಎರಡೂ ಸುಳ್ಳು. ಒಂದೇ ಬಿಸುಪಿನ ದಿನಗಳನ್ನು ಆರಿಸಿ ಹೋಲಿಸಬೇಕು.

ಈ ವಿದ್ಯೆ ಮಂಟಪಕ್ಕಾಗಿ ಹುಟ್ಟಿದುದಲ್ಲವೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಹೆಸರಿನಲ್ಲಿಯೇ ಕಾಡನ್ನು ಇಟ್ಟುಕೊಂಡಿರುವ ನಮ್ಮ ಕಾಡುಗೋಡಿಯ ಪಕ್ಕದಲ್ಲಿ 1864ರಲ್ಲಿ ಜೋಲಾರಪೇಟೆಯ ರೈಲುದಾರಿ ಬಂದಿತು. ಅದೇ ದಾರಿಯಲ್ಲಿ ಬಂಗಾರಪೇಟೆಗೆ ಹೋಗಿ ಕೋಲಾರದ ಚಿನ್ನದ ಗಣಿಗೆ ನಮ್ಮ ಹಿರಿಯರು ಎಷ್ಟೋ ಮಂದಿ ಕೂಲಿಗೆ ಹೋದರು. ಮೂರು ಕಿಲೋಮೀಟರಿಗಿಂತ ಆಳದಲ್ಲಿ ಬಂಡೆಯು ತನ್ನ ಮೇಲಿನ ಭಾರವನ್ನು ತಾಳಲಾರದೆ ಸಿಡಿಯುವುದನ್ನು ಅವರು ಕಂಡಿದ್ದರು. ಬಂಡೆಯು ಸಿಡಿಯುವುದಕ್ಕೆ ಮುನ್ನ ಏನಾಗುವುದೆಂದು ತಿಳಿಯುವ ಅಗತ್ಯದಿಂದಲೇ 1988ರಲ್ಲಿ ಶಿಲಾಬಲಶಾಸ್ತ್ರದ ರಾಷ್ಟ್ರೀಯ ಸಂಸ್ಥೆಯೊಂದು ಆ ಗಣಿಯೂರಿನಲ್ಲಿ ಹುಟ್ಟಿತು. 2001ರಲ್ಲಿ ಗಣಿ ಮುಚ್ಚಿತು. ಬೆಂಗಳೂರು ವಿಮಾನಗಳ ಊರಾದುದೂ ನಿಮಗೆ ತಿಳಿದಿದೆ. 2001ರ ಜನವರಿ 4ರಂದು ಇಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳು ಬಹುಮಟ್ಟಿಗೆ ಕಾರ್ಬನ್ ನಾರಿನಿಂದ ಆದುವು. ಪದರಪದರವಾಗಿ ನಾರನ್ನು ಹಾಸಿ ಮಾಡಿದ ಇಂಥ ವಸ್ತುವು ಒಂದು ದಿಕ್ಕಿಗೆ ಬಲ, ಇನ್ನೊಂದಕ್ಕೆ ಸೋಲು. ಎಲ್ಲಿ ಸೋಲುವುದೆಂದು ಮೊದಲೇ ಹೇಳುವುದು ಕಷ್ಟ. ಮೈಯೆಲ್ಲವನ್ನೂ ಒಮ್ಮೆಗೆ ನೋಡುವ ಚುಕ್ಕಿಯ ಕ್ಯಾಮೆರಾ ಅಲ್ಲಿ ಬಹಳ ಉಪಯುಕ್ತ. ವೈಟ್‌ಫೀಲ್ಡಿನ ಸುತ್ತಮುತ್ತ ಯಂತ್ರಗಳನ್ನೂ ಲೋಹಗಳನ್ನೂ ಪರೀಕ್ಷಿಸುವ ಕಾಯಕದಲ್ಲಿರುವ ನಮ್ಮ ಮಠದ ಮಕ್ಕಳು ಹಲವರಿದ್ದಾರೆ. ಅವರು ನಾನು ಹೇಳಿದುದರಲ್ಲಿ ತಪ್ಪಿದ್ದರೆ ಸಭೆ ಮುಗಿದ ಮೇಲೆ ತಿದ್ದಲಿ. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಗೆ ಬಂದಿತಷ್ಟೆ. ನಿಮ್ಮಲ್ಲಿ ಬಹುಮಂದಿ ಇಂದು ಅದರಲ್ಲಿಯೇ ಬಂದಿದ್ದೀರಿ. ಗಾಡಿ ಹಾದಾಗ ಅದನ್ನು ಹೊತ್ತ ತೊಲೆಗಳೂ ಮಣಿದು ಮತ್ತೆ ಏಳುವುವು. ಮಣಿಯುವುದು ದೋಷವಲ್ಲ, ಏಳದಿರುವುದು ದೋಷ.

ಆ ಮಾತಿನಿಂದಲೇ ನಮ್ಮ ತೊಲೆಗೆ ಹಿಂದಿರುಗುವೆನು. ಐದು ತಿಂಗಳು ಪಟ ತೆಗೆದ ಮೇಲೆ, ಒಂದೇ ಬಿಸುಪಿನ ಬೆಳಗುಗಳಲ್ಲಿ ಬಿರುಕಿನ ಬಾಯಿಯು ನಮ್ಮ ಅಳತೆಗೆ ನಿಲುಕುವಷ್ಟು ತೆರೆದಿರಲಿಲ್ಲ. ಆದರೂ ಸುಮ್ಮನೆ ನಿಂತ ತೊಲೆಯ ಸುದ್ದಿ ಸಾಲದೆಂದು ಭಾರದ ಪರೀಕ್ಷೆಗೆ ಅಪ್ಪಣೆ ಬೇಡಿದೆವು. ತೊಲೆಯ ಕೆಳಗೆ ಬೆರಳಿನಷ್ಟು ಸಂದು ಬಿಟ್ಟು ಮರದ ಊರುಗೋಲುಗಳನ್ನು ನಿಲ್ಲಿಸಿ, ಕೆಳಗೆ ಯಾರೂ ನಿಲ್ಲದಂತೆ ಕಟ್ಟುಮಾಡಿ, ದಾಸೋಹದ ಉಗ್ರಾಣದಿಂದ ಐವತ್ತು ಕಿಲೋಗ್ರಾಮಿನ ಅಕ್ಕಿಮೂಟೆಗಳನ್ನು ಐದೈದಾಗಿ ತೊಲೆಯ ನಡುಭಾಗಕ್ಕೆ ಸರಿಯಾಗಿ ಚಾವಣಿಯ ಮೇಲೆ ಇರಿಸಿದೆವು. ಇಪ್ಪತ್ತು ಮೂಟೆಗಳಿಗೆ ತೊಲೆಯ ನಡು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಇಳಿಯಿತು. ಬಿರುಕಿಲ್ಲದ ತೊಲೆಯು ಇದಕ್ಕಿಂತ ಸ್ವಲ್ಪ ಕಡಮೆ ಇಳಿಯಬೇಕಾಗಿತ್ತೆಂದು ನನ್ನ ಲೆಕ್ಕ. ಮೂಟೆಗಳನ್ನು ಇಳಿಸಿದ ಮೇಲೆ ತೊಲೆಯು ಮೊದಲಿನ ನೆಲೆಗೆ ಬಂದಿತು. ಮೂರು ಸಲ ಮಾಡಿದೆವು. ಮೂರು ಸಲವೂ ಬಂದಿತು. ಮೂಟೆ ಹೊತ್ತವರು ನನ್ನನ್ನು ಶಪಿಸಿದುದೂ ಮೂರು ಸಲವೇ.

ಇದರ ಮೇಲಿಂದ ಮಂಟಪವನ್ನು ಕೆಡವತಕ್ಕದ್ದಿಲ್ಲವೆಂದು ಶ್ರೀಗಳವರು ಅಪ್ಪಣೆಮಾಡಿದ್ದಾರೆ. ಆದರೆ ಒಂದು ಮಾತನ್ನು ಎರಡು ಪಕ್ಷದವರೂ ಕೇಳಬೇಕು. ಇಪ್ಪತ್ತು ಮೂಟೆಯೆಂದರೆ ಹದಿನೈದು ಹದಿನಾರು ಜನರ ಭಾರ, ಅಷ್ಟೆ. ಉತ್ಸವದ ದಿನ ಪಲ್ಲಕ್ಕಿಯನ್ನು ನೋಡಲು ಮಂಟಪದ ಚಾವಣಿಯ ಮೇಲೆ ಅರವತ್ತು ಎಪ್ಪತ್ತು ಜನ ಹತ್ತುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ನಾನೂ ಹುಡುಗನಾಗಿದ್ದಾಗ ಹತ್ತಿದವನೇ. ಅಕ್ಕಿಮೂಟೆಯು ಇಟ್ಟಲ್ಲಿ ಸುಮ್ಮನಿರುವುದು. ಮನುಷ್ಯರು ನಗಾರಿಯ ಸದ್ದಿಗೆ ಕುಣಿಯುವರು. ಆ ಭಾರವನ್ನು ನಾವು ಪರೀಕ್ಷಿಸಿಲ್ಲ, ಪರೀಕ್ಷಿಸುವ ಧೈರ್ಯವೂ ನನಗಿಲ್ಲ. ಬಿರುಕು ಈಗ ನಿಂತಿದೆಯೆಂಬುದು ಮಾತ್ರ ಕ್ಯಾಮೆರಾ ಹೇಳಿದ ಮಾತು. ಇನ್ನು ಮುಂದೆಯೂ ನಿಂತಿರುವುದೆಂದು ಅದು ಹೇಳಿಲ್ಲ. ಆದುದರಿಂದ ನಾಡಿದ್ದಿನ ಉತ್ಸವದಲ್ಲಿ ಯಾರೂ ಚಾವಣಿಯನ್ನು ಹತ್ತಕೂಡದೆಂದು ಮೆಟ್ಟಿಲಿಗೆ ಬಾಗಿಲು ಹಾಕಿಸಿದೆ. ನೋಡುವವರಿಗಾಗಿ ಎದುರಿನ ಬಯಲಿನಲ್ಲಿ ಮರದ ಅಟ್ಟವನ್ನು ಕಟ್ಟಿಸಿದ್ದಾರೆ. ಊರುಗೋಲುಗಳು ಅಲ್ಲಿಯೇ ಇರುವುವು. ಅವಕ್ಕೆ ತೋರಣ ಕಟ್ಟಬಹುದು, ಒರಗಿ ಕೂಡಬಾರದು.

ಮುಂದಿನ ಪಟವನ್ನು ಉತ್ಸವ ಮುಗಿದ ಮೂರನೆಯ ಬೆಳಗ್ಗೆ ತೆಗೆಯುವೆವು. ಅಲ್ಲಿಯವರೆಗೆ ತೊಲೆಯ ಚುಕ್ಕಿಗಳನ್ನು ಯಾರೂ ಒರೆಸದೆ, ಅದರ ಕೆಳಗೆ ಎಣ್ಣೆಯ ದೀಪವನ್ನು ಇಡದೆ ಇರಬೇಕೆಂದು ಬೇಡುತ್ತೇನೆ. ಅಂಗಳದಲ್ಲಿ ಕ್ಯಾಮೆರಾದ ಕಾಲಿಗಾಗಿ ಕೊರೆದ ಮೂರು ಕುಳಿಗಳಿವೆ. ಬೆಳಿಗ್ಗೆ ಸಾರಿಸಿ ರಂಗವಲ್ಲಿಯಿಡುವ ತಾಯಂದಿರು ಅವನ್ನು ಸಗಣಿಯಿಂದ ಮೆತ್ತಿಬಿಡದೆ ಹಾಗೆಯೇ ಬಿಟ್ಟರೆ ನನಗೆ ಮಹೋಪಕಾರವಾಗುವುದು.